ಎಪ್ಪತ್ತನಾಲ್ಕನೇ ಪುಟ

ಆ ಬೀದಿಯವರೆಲ್ಲ ಅವಳನ್ನು ಕರೆಯುವುದು ಅಂಟಮ್ಮ ಎಂದು. ಪುಸ್ತಕಗಳಿಗೆ ಹೊಲಿಗೆ ಹಾಕಿ, ಬೆನ್ನಿಗೆ ಅಂಟು ಬಳಿದು, ರಟ್ಟು ಕಟ್ಟುವುದು ಅವಳ ಕಸುಬು. ಗಂಡ ತೀರಿಕೊಂಡಾಗ ಅವಳಿಗೆ ಬಿಟ್ಟುಹೋದದ್ದು ಎರಡೇ: ಕಾಗದ ಕತ್ತರಿಸುವ ಕಬ್ಬಿಣದ ಮಿಷನ್ನು, ಮತ್ತು ಅವನ ತಾಯಿ. ಎರಡಕ್ಕೂ ವಯಸ್ಸಾಗಿದೆ, ಎರಡೂ ಇವತ್ತಿಗೂ ಹರಿತವಾಗಿಯೇ ಇವೆ.

ಹೊಸ ಶಾಲಾ ವರ್ಷ ಶುರುವಾದ ವಾರದಲ್ಲೇ ಮಕ್ಕಳ ಕಲ್ಯಾಣ ಕಚೇರಿಯ ಮೇಡಂ ಒಬ್ಬರು ಒಂದು ಹುಡುಗಿಯನ್ನು ಕರೆತಂದು ಅವಳ ಮನೆಯಲ್ಲಿ ಬಿಟ್ಟರು. ಹತ್ತು ವರ್ಷದ ಹುಡುಗಿ. ಹೆತ್ತವರಿಲ್ಲ. ಸಾಕುವುದಾಗಿ ಬರೆದುಕೊಟ್ಟ ಮೂರು ಮನೆಗಳು ಒಂದೊಂದು ಕಾರಣ ಹೇಳಿ ಅವಳನ್ನು ವಾಪಸು ಕೊಟ್ಟಿದ್ದವು. ಒಬ್ಬರಿಗೆ ವರ್ಗವಾಯಿತು, ಒಬ್ಬರಿಗೆ ಸ್ವಂತ ಮಗು ಹುಟ್ಟಿತು, ಮೂರನೆಯವರಿಗೆ ಆಗಲಿಲ್ಲವಂತೆ, ಅಷ್ಟೇ. ಇದು ನಾಲ್ಕನೇ ಮನೆ.

ಹುಡುಗಿ ಬೆಂಚಿನ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹಾಳೆ ಮಡಚುತ್ತಿದ್ದ ಅತ್ತೆ ಕನ್ನಡಕದ ಮೇಲಿಂದ ನೋಡಿದಳು.

"ಯಾರಮ್ಮ ಇವ್ರು, ತಪಾಸಣೆಗೆ ಬಂದ ಇನ್ಸ್‌ಪೆಕ್ಟರ್ ಥರ ಕೂತಿದಾರೆ?"

ಅಲ್ಲಿಂದ ಮುಂದೆ ಆ ಮನೆಯಲ್ಲಿ ಹುಡುಗಿ ಇನ್ಸ್‌ಪೆಕ್ಟರೇ ಆದಳು.

ಕಚೇರಿ ಮೇಡಂ ಹೊರಡುವ ಮೊದಲು ಹೊಸ್ತಿಲ ಬಳಿ ನಿಂತು ಹೇಳಿದರು. "ನೋಡಿ ಅಮ್ಮ, ಈ ತಿಂಗಳ ಕೊನೆಯೊಳಗೆ ಇವಳನ್ನ ಶಾಲೆಗೆ ಸೇರಿಸ್ಬೇಕು. ಸೇರಿಸೋಕಾಗ್ಲಿಲ್ಲ ಅಂದ್ರೆ ಸಮಿತಿಯವರು ಮಕ್ಕಳ ವಸತಿ ಗೃಹಕ್ಕೆ ಕಳಿಸಿಬಿಡ್ತಾರೆ. ಅಲ್ಲಿ ಶಾಲೆ ಒಳಗೇ ಇದೆ."

"ಎಷ್ಟು ದೂರ ಅದು?"

"ಆರು ಗಂಟೆ ದಾರಿ. ಒಂದು ಸಲ ಅಲ್ಲಿಗೆ ಸೇರಿದ್ರೆ ಮತ್ತೆ ಮನೆಗೆ ಅಂತ ಕಳಿಸೋದು ಕಷ್ಟ."

ಮೆಲ್ಲಗೇ ಹೇಳಿದ್ದರು. ಆದರೆ ಹುಡುಗಿಗೆ ಕೇಳಿಸಿತು ಎಂದು ಅವಳು ಬ್ಯಾಗಿನ ಪಟ್ಟಿಯನ್ನು ಕೈಗೆ ಸುತ್ತಿಕೊಂಡದ್ದರಲ್ಲೇ ಅಂಟಮ್ಮನಿಗೆ ತಿಳಿಯಿತು.

ಮರುದಿನವೇ ಅಂಟಮ್ಮ ಒಂದು ಎಡವಟ್ಟು ಮಾಡಿದಳು. ಅಂಥ ಎಡವಟ್ಟನ್ನು ರಟ್ಟು ಕಟ್ಟುವವರಲ್ಲದೆ ಬೇರೆ ಯಾರೂ ಮಾಡಲು ಸಾಧ್ಯವಿಲ್ಲ. ಹುಡುಗಿ ಸ್ನಾನಕ್ಕೆ ಹೋಗಿದ್ದಳು. ಬ್ಯಾಗಿನ ಬಾಯಿ ತೆರೆದಿತ್ತು, ಒಳಗೆ ಮೂರು ಪುಸ್ತಕಗಳು. ಮೂರೂ ಒಂದೇ: ಮೂರನೇ ತರಗತಿಯ ಗಣಿತ. ರಟ್ಟು ಮೆತ್ತಗಾಗಿ ಕಿತ್ತುಬಂದಿದ್ದವು, ಮೂಲೆಗಳು ಮುದುರಿದ್ದವು. ಹರಿದ ಪುಸ್ತಕ ಕಂಡರೆ ಅಂಟಮ್ಮನ ಕೈ ಸುಮ್ಮನಿರುವುದಿಲ್ಲ. ಹುಡುಗಿಗೆ ಖುಷಿಯಾಗಲಿ ಎಂಬ ಆಸೆ ಬೇರೆ. ಹಳೆಯ ರಟ್ಟುಗಳನ್ನು ಕಿತ್ತು ರದ್ದಿ ಚೀಲಕ್ಕೆ ಹಾಕಿದಳು. ಹಾಳೆಗಳನ್ನು ಜೋಡಿಸಿ ಹೊಲಿದಳು. ಮಿಷನ್ನಿಗೆ ಇಡುವಾಗ ಅಂಚಿನ ಮೇಲೆ ಕಣ್ಣು ಬಿತ್ತು: ಮೂರು ಪುಸ್ತಕಗಳ ಅಂಚೂ ಅರ್ಧದವರೆಗೆ ಬೆರಳ ಕೊಳೆಯಿಂದ ಕಪ್ಪಾಗಿತ್ತು, ಅಲ್ಲಿಂದಾಚೆ ಅಂಗಡಿಯಿಂದ ತಂದ ಹಾಗೆ ಬೆಳ್ಳಗಿತ್ತು. ವಿಚಿತ್ರವಾಗಿದೆಯಲ್ಲ ಅಂದುಕೊಂಡಳು. ಅಂದುಕೊಂಡು ಹಿಡಿ ಎಳೆದಳು. ಕಪ್ಪೂ ಬಿಳಿಯೂ ಎಳೆ ಎಳೆಯಾಗಿ ಕೆಳಗೆ ಬಿದ್ದವು.

ಹುಡುಗಿ ತಲೆ ಒರೆಸಿಕೊಳ್ಳುತ್ತ ಬಂದು ಮೇಜಿನ ಮೇಲಿದ್ದ ಹೊಸ ನೀಲಿ ರಟ್ಟುಗಳನ್ನು ನೋಡಿದಳು.

"ಹಳೇ ರಟ್ಟು ಎಲ್ಲಿ?"

"ರದ್ದಿಯವನು ಈಗ ತಾನೇ ಹೊತ್ಕೊಂಡು ಹೋದ. ಯಾಕೆ ಪುಟ್ಟಿ?"

"ಏನಿಲ್ಲ. ಚೆನ್ನಾಗಿದೆ."

ಪರರ ಮನೆಗೆ ಹೋದ ನೆಂಟರು ಸಪ್ಪೆ ಚಹಾ ಕುಡಿದು ಚೆನ್ನಾಗಿದೆ ಅನ್ನುತ್ತಾರಲ್ಲ, ಹಾಗೆ ಹೇಳಿದಳು. ಅಂಟಮ್ಮನಿಗೆ ಏನೋ ತಪ್ಪಾಯಿತು ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ.

ಗೊತ್ತಾದದ್ದು ಎರಡು ದಿನ ಬಿಟ್ಟು, ಬೀದಿ ದಾಟಿದರೆ ಸಿಗುವ ಶಾಲೆಯಲ್ಲಿ, ಹೆಡ್‌ಮಿಸ್ ಕೋಣೆಯಲ್ಲಿ. ಹೆಡ್‌ಮಿಸ್ ಕೆಟ್ಟವರೇನಲ್ಲ. ಐದು ತರಗತಿ, ನಾಲ್ಕು ಜನ ಶಿಕ್ಷಕರು, ಸೋರುವ ಒಂದು ನಲ್ಲಿ, ಇಷ್ಟನ್ನು ಸಂಭಾಳಿಸುವುದರಲ್ಲೇ ಅವರ ಮುಖ ಬಾಡಿಹೋಗಿತ್ತು. ಹುಡುಗಿಗೆ ಒಂದು ಪ್ರಶ್ನೆಪತ್ರಿಕೆ ಕೊಟ್ಟು ಬರೆಸಿದರು. ತಿದ್ದಿದರು. ತಿದ್ದಿದ ಹಾಳೆಯನ್ನು ಅಂಟಮ್ಮನ ಕಡೆ ತಿರುಗಿಸಿದರು.

"ಕೂಡೋದು, ಕಳೆಯೋದು, ಗುಣಾಕಾರ, ಎಲ್ಲ ಸರಿ. ಒಂದೇ ಒಂದು ತಪ್ಪಿಲ್ಲ. ಭಾಗಾಕಾರ ಬಂದ ಕಡೆಯಿಂದ ಪೂರ್ತಿ ಖಾಲಿ, ಪೆನ್ಸಿಲ್ಲೇ ತಾಗ್ಸಿಲ್ಲ. ಕೊನೇ ಶಾಲೆಯ ಚೀಟಿ ನೋಡಿದ್ರೆ ಮೂರು ವರ್ಷದಿಂದ ಮೂರನೇ ತರಗತಿ ಅಂತ ಇದೆ. ನಾನೇನು ಅಂದ್ಕೊಳ್ಳಿ? ಮಗುವಿಗೆ ತಲೆಗೆ ಹತ್ತೋದು ನಿಧಾನ. ಮೂರನೇ ತರಗತಿಗೇ ಹಾಕ್ಬೇಕು. ಆದ್ರೆ ಅಲ್ಲಿ ಐವತ್ತು ಮಕ್ಕಳು ತುಂಬಿದಾರೆ, ಕೂರೋಕೆ ಜಾಗ ಇಲ್ಲ. ನಾಲ್ಕರಲ್ಲಿ ಎರಡು ಸೀಟಿದೆ, ಆದ್ರೆ ಅದಕ್ಕೆ ಇವಳು ಪಾಸಾಗಿಲ್ಲ."

"ಇನ್ನೊಂದು ಸಲ ಪರೀಕ್ಷೆ ಕೊಡಿ."

"ವರ್ಷಕ್ಕೆ ಒಂದೇ ಸಲ. ಮಧ್ಯದಲ್ಲಿ ಓದು ನಿಂತಿತ್ತು ಅಂತ ದಾಖಲೆ ಇದ್ರೆ ಮಾತ್ರ ಎರಡನೇ ಸಲ ಕೊಡಬಹುದು."

ಆಗ ಅಂಟಮ್ಮನಿಗೆ ಆ ಮೂರು ಅಂಚುಗಳು ಕಣ್ಣಿಗೆ ಕಟ್ಟಿದವು. ಅರ್ಧ ಕಪ್ಪು, ಅರ್ಧ ಬಿಳಿ. ಈ ಹುಡುಗಿ ಮೂರು ಶಾಲೆಯಲ್ಲಿ ಮೂರು ಸಲ ಅರ್ಧ ಪುಸ್ತಕ ಓದಿದ್ದಾಳೆ. ಮೂರು ಸಲವೂ ವರ್ಷದ ಮಧ್ಯೆ ಮನೆ ಬದಲಾಗಿದೆ, ಹೊಸ ಊರಿನಲ್ಲಿ ಮಧ್ಯದಲ್ಲಿ ಸೇರಿಸಿಕೊಳ್ಳುವುದಿಲ್ಲ ಎಂದಿದ್ದಾರೆ, ಮುಂದಿನ ವರ್ಷ ಮತ್ತೆ ಮೊದಲ ಪುಟದಿಂದ ಶುರು. ಇದು ಮಂದಬುದ್ಧಿಯಲ್ಲ.

"ಮೇಡಂ, ಇವಳ ಪುಸ್ತಕದ ಅಂಚು ನೋಡಿದ್ರೆ ನಿಮಗೇ ತಿಳಿಯುತ್ತೆ," ಅಂದವಳು ಅಲ್ಲಿಗೇ ನಿಂತಳು. ಬ್ಯಾಗಿನಿಂದ ತೆಗೆದು ತೋರಿಸಲು ಇದ್ದದ್ದು ಬೆಳ್ಳಗೆ ನುಣ್ಣಗೆ ಹೊಳೆಯುವ ಮೂರು ಅಂಚುಗಳು.

ದಾರಿಯಲ್ಲಿ ಹುಡುಗಿಯನ್ನು ಕೇಳಿದಳು. "ಆ ಹಳೇ ರಟ್ಟಿನ ಮೇಲೆ ಏನಾದ್ರೂ ಬರೆದಿತ್ತಾ?"

"ಶಾಲೆಯ ಸೀಲಿತ್ತು. ಸೇರಿದ ತಾರೀಕು. ಬಿಟ್ಟ ತಾರೀಕು ನಾನೇ ಬರ್ಕೊಂಡಿದ್ದೆ," ಅಂದಳು ಹುಡುಗಿ. ದೂರುವ ಧಾಟಿಯೇ ಇಲ್ಲ. ದೂರಿದ್ದರೆ ಅಂಟಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮನೆಗೆ ಬಂದವಳೇ ಹಣೆ ಚಚ್ಚಿಕೊಂಡಳು. ಅತ್ತೆಗೆ ವಿಷಯ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಸಾಕ್ಷೀನ ಅಳತೆ ಹಿಡಿದು ಕತ್ತರಿಸಿ, ರದ್ದಿಗೆ ಹಾಕಿ, ಮೇಲೆ ನೀಲಿ ರಟ್ಟು ಬೇರೆ ಕಟ್ಟಿದೀಯ. ನಿನ್ನ ಕೈಚಳಕ ಹೊಗಳೋಕೆ ನಂಗೆ ಮಾತು ಸಾಲಲ್ಲ."

"ಅತ್ತೆ, ಈಗ ಸುಮ್ನಿರಿ."

"ಸುಮ್ನಿದ್ರೆ ಏನಾಗುತ್ತೆ? ಆ ಶಾಲೆಗಳೇನು ಓಡಿಹೋಗಿಲ್ವಲ್ಲ. ಹಾಜರಿ ಪುಸ್ತಕ ಇರುತ್ತೆ. ಹೋಗು, ಬರೆಸ್ಕೊಂಡು ಬಾ. ಇಲ್ಲಿ ಹಾಳೆ ನಾನು ಮಡಚ್ತೀನಿ."

ಅಂಟಮ್ಮ ಹೊರಟಳು. ತಿಂಗಳು ಮುಗಿಯಲು ಹದಿನೆಂಟು ದಿನವಿತ್ತು. ಹುಡುಗಿಯನ್ನು ಮನೆಯಲ್ಲಿ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಬಿಟ್ಟುಹೋಗುವುದು ಅಂದರೆ ಏನು ಎಂದು ಆ ಮಗುವಿಗೆ ಆಗಲೇ ಬೇಕಾದ್ದಕ್ಕಿಂತ ಹೆಚ್ಚು ಗೊತ್ತಿತ್ತು. ಹಾಗಾಗಿ ಇಬ್ಬರೂ ಬಸ್ ಹತ್ತಿದರು.

ಮೊದಲು ಹೋದ ಶಾಲೆಯಲ್ಲಿ ಒಂದೂವರೆ ಗಂಟೆ ಕಾಯಿಸಿ ಚೀಟಿ ಕೊಟ್ಟರು. ಎರಡನೆಯದರಲ್ಲಿ ನಾಳೆ ಬನ್ನಿ ಎಂದರು. ಮರುದಿನ ಬಾಗಿಲು ತೆಗೆಯುವ ಮೊದಲೇ ಇಬ್ಬರೂ ಮೆಟ್ಟಿಲ ಮೇಲೆ ಕೂತಿರುವುದನ್ನು ಕಂಡು, ಈ ಹೆಂಗಸನ್ನು ಸಾಗಹಾಕಲು ಚೀಟಿ ಬರೆದುಕೊಡುವುದೇ ಸುಲಭ ಎಂದು ಅವರಿಗೂ ಅನ್ನಿಸಿರಬೇಕು. ಮೂರನೆಯದು ಎಲ್ಲಕ್ಕಿಂತ ದೂರ, ಹುಡುಗಿ ಮೊಟ್ಟಮೊದಲು ಓದಿದ ಶಾಲೆ. ಎರಡು ಬಸ್ ಬದಲಾಯಿಸಿ ಹೋದರೆ ಅಲ್ಲಿನ ಗುಮಾಸ್ತ ಬೀರುವಿನ ಬಾಗಿಲು ತೆಗೆದು ತೋರಿಸಿದ. ಹಾಜರಿ ಪುಸ್ತಕಗಳೆಲ್ಲ ಹೊಲಿಗೆ ಬಿಟ್ಟು, ಯಾವ ವರ್ಷದ ಹಾಳೆ ಯಾವುದರೊಳಗಿದೆ ಎಂದು ತಿಳಿಯದ ಹಾಗೆ ಕಲಸಿಹೋಗಿದ್ದವು.

"ಮಳೆಗಾಲದಲ್ಲಿ ಗೋಡೆ ನೆನೆದು ಹೀಗಾಯ್ತು. ಇದರಲ್ಲಿ ಒಂದು ಹೆಸರು ಹುಡುಕೋದು ಅಂದ್ರೆ ತಮಾಷೆನಾ ಅಮ್ಮ? ಎರಡು ತಿಂಗಳು ಬಿಟ್ಟು ಬನ್ನಿ."

"ಎರಡು ತಿಂಗಳು ನನ್ನ ಹತ್ರ ಇಲ್ಲ," ಅಂದಳು ಅಂಟಮ್ಮ. "ಒಂದು ಕೆಲಸ ಮಾಡೋಣ. ಇಷ್ಟನ್ನೂ ನಾನು ಜೋಡಿಸಿ ಹೊಲಿದು ಕೊಡ್ತೀನಿ. ದುಡ್ಡು ಬೇಡ. ಜೋಡಿಸೋವಾಗ ನಮ್ಮ ಹಾಳೆ ತಾನಾಗೇ ಸಿಗುತ್ತೆ."

ಗುಮಾಸ್ತ ನಕ್ಕ. ಆಮೇಲೆ ಇವಳು ಚೀಲದಿಂದ ಸೂಜಿ, ಮೇಣ ಸವರಿದ ದಾರ, ಅಂಟಿನ ಡಬ್ಬಿ ತೆಗೆಯುವುದನ್ನು ನೋಡಿ ನಗು ನಿಲ್ಲಿಸಿದ. ವರಾಂಡದಲ್ಲಿ ಒಂದು ಚಾಪೆ ಹಾಸಿಸಿ, ಯಾರಿಗೂ ತೊಂದರೆಯಾಗದಂತೆ ಮೂಲೆ ತೋರಿಸಿದ.

ಬೆಳಗಿನಿಂದ ಇಬ್ಬರೂ ಹಾಳೆ ವಿಂಗಡಿಸಿದರು. ಹುಡುಗಿ ತಿಂಗಳು ನೋಡಿ ಗುಡ್ಡೆ ಮಾಡುವಳು, ಅಂಟಮ್ಮ ಗುಡ್ಡೆಯನ್ನು ತಟ್ಟಿ ನೇರಮಾಡಿ ಹೊಲಿಯುವಳು. ಹುಡುಗಿಯ ಕೈ ಚುರುಕಾಗಿತ್ತು, ಒಮ್ಮೆ ತೋರಿಸಿದರೆ ಸಾಕಾಗಿತ್ತು. ಇವಳಿಗಾ ತಲೆಗೆ ಹತ್ತುವುದು ನಿಧಾನ ಎಂದು ಅಂಟಮ್ಮ ಮನಸ್ಸಿನಲ್ಲೇ ಹೆಡ್‌ಮಿಸ್ ಜೊತೆ ಜಗಳವಾಡಿಕೊಂಡಳು. ಮಧ್ಯಾಹ್ನದ ಗಂಟೆ ಹೊಡೆಯಿತು, ಮಕ್ಕಳು ಬಂದು ಬಗ್ಗಿ ನೋಡಿ ಹೋದರು. ಐದನೇ ಪುಸ್ತಕ ಹೊಲಿಯುವಾಗ ಹುಡುಗಿಯ ಕೈ ನಿಂತಿತು.

ಹಾಳೆಯಲ್ಲಿ ಸಾಲಾಗಿ ಮಕ್ಕಳ ಹೆಸರು. ನಡುವೆ ಒಂದು ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದಿತ್ತು, ಪಕ್ಕದಲ್ಲಿ ತಾರೀಕು. ಹುಡುಗಿಯದೇ ಹೆಸರು.

ಅಂಟಮ್ಮ ಗೆದ್ದೆ ಎಂದುಕೊಂಡಳು. ಹುಡುಗಿ ಮಾತ್ರ ಆ ಗೆರೆಯ ಮೇಲೆ ಬೆರಳಿಟ್ಟು ಕೂತೇ ಇದ್ದಳು.

"ಅವತ್ತು ಸೋಮವಾರ," ಅಂದಳು. "ಮಿಸ್ ಬೋರ್ಡಿನ ಮೇಲೆ ಭಾಗಾಕಾರ ಅಂತ ಬರೆದಿದ್ರು. ಎಪ್ಪತ್ತನಾಲ್ಕನೇ ಪುಟ. ಸಂಜೆ ಗಾಡಿ ಬಂತು."

"ಯಾವ ಗಾಡಿ?"

"ಕಚೇರಿ ಜೀಪು. ಎರಡನೇ ಶಾಲೇಲೂ ಹಾಗೇ. ಎಪ್ಪತ್ತನಾಲ್ಕನೇ ಪುಟ ತೆಗೀರಿ ಅಂದ ವಾರಾನೇ ಬಂತು. ಮೂರನೇ ಸಲ ನಾನು ತೆಗೀಲೇ ಇಲ್ಲ, ಕೈ ಅಡ್ಡ ಇಟ್ಕೊಂಡು ಕೂತಿದ್ದೆ. ಆದ್ರೆ ಪಕ್ಕದವಳ ಪುಸ್ತಕದಲ್ಲಿ ಕಣ್ಣಿಗೆ ಬಿತ್ತು. ಅದಕ್ಕೇ ಬಂತು."

ಪರೀಕ್ಷೆಯ ದಿನ ಖಾಲಿ ಬಿಟ್ಟ ಹಾಳೆ ಈಗ ಅರ್ಥವಾಯಿತು. ಬರೆಯಲು ಬಾರದ್ದೂ ನಿಜ, ಆದರೆ ಅದಕ್ಕಿಂತ ಹೆಚ್ಚಾಗಿ ಈ ಮಗು ಆ ಲೆಕ್ಕಗಳ ಕಡೆ ನೋಡಲೇ ಇಲ್ಲ. ನೋಡದಿದ್ದರೆ ಉಳಿಯಬಹುದು ಎಂದುಕೊಂಡಿತ್ತು. ಅಯ್ಯೋ ಕಂದ ಎಂದು ಅಪ್ಪಿಕೊಳ್ಳಬೇಕು ಅನ್ನಿಸಿತು. ಎರಡು ಕೈಗೂ ಅಂಟು ಮೆತ್ತಿಕೊಂಡಿತ್ತು. ಗಾಡಿ ಬರಲ್ಲ ಬಿಡು ಎಂದು ಹೇಳಿಬಿಡುವುದು ಸುಲಭವಾಗಿತ್ತು. ಹಿಂದಿನ ಮೂರು ಮನೆಯವರೂ ಹಾಗೇ ಹೇಳಿರುತ್ತಾರೆ ಎಂದು ಹೊಳೆದು ಆ ಮಾತನ್ನು ನುಂಗಿಕೊಂಡಳು.

"ನೋಡು ಇನ್ಸ್‌ಪೆಕ್ಟ್ರೇ," ಅಂದಳು. "ಗಾಡಿ ಬರಲ್ಲ ಅಂತ ನಾನು ಆಣೆ ಹಾಕಲ್ಲ. ಅದು ನನ್ನ ಕೈಲಿಲ್ಲ. ಬಂದ್ರೆ ನಾನೂ ಅದೇ ಗಾಡಿ ಹತ್ತಿ, ಕಚೇರೀಲಿ ಹೋಗಿ ಕೂತ್ಕೊಳ್ತೀನಿ. ನಾನು ಕೂತ್ರೆ ಏಳೋದು ಎಷ್ಟು ನಿಧಾನ ಅಂತ ಈ ಗುಮಾಸ್ತರನ್ನೇ ಕೇಳು. ಆದ್ರೆ ಒಂದು ಮಾತು ಮಾತ್ರ ಖಂಡಿತ. ಭಾಗಾಕಾರ ಕಲೀದೇ ಇದ್ರೆ ಈ ತಿಂಗಳ ಕೊನೆಗೇ ಗಾಡಿ ಬರುತ್ತೆ. ಯಾಕೆ ಅಂದ್ರೆ ನಾಲ್ಕನೇ ತರಗತಿ ಸೀಟು ಸಿಗಲ್ಲ. ಇಷ್ಟು ವರ್ಷ ನೀನು ಪುಟ ತಿರುಗಿಸ್ದೇ ನೋಡಿದ್ದಾಯ್ತು. ಒಂದು ಸಲ ತಿರುಗಿಸಿ ನೋಡೋಣ."

ಹುಡುಗಿ ಗೆರೆಯ ಮೇಲಿಂದ ಬೆರಳು ತೆಗೆದಳು. ಆಮೇಲೆ ಕೇಳಿದಳು.

"ಕಷ್ಟ ಇರುತ್ತಾ?"

"ನಂಗೇ ಬರುತ್ತೆ ಅಂದ್ರೆ ಎಷ್ಟು ಕಷ್ಟ ಇರಬಹುದು ನೀನೇ ಹೇಳು."

ಸಂಜೆ ಗುಮಾಸ್ತ ಚೀಟಿಗೆ ಸೀಲು ಒತ್ತಿದ. ಹೊಲಿದ ಹಾಜರಿ ಪುಸ್ತಕಗಳನ್ನು ಬೀರುವಿನಲ್ಲಿ ಸಾಲಾಗಿ ನಿಲ್ಲಿಸಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿದ. ಬಸ್ಸಿಗೆ ಹೊತ್ತಾಯಿತು ಎಂದು ತನ್ನ ಸೈಕಲ್ ಮೇಲೆ ಅವರ ಚೀಲವಿಟ್ಟು ನಿಲ್ದಾಣದವರೆಗೂ ತಳ್ಳಿಕೊಂಡು ಬಂದ.

ಮೂರು ಚೀಟಿಗಳನ್ನು ನೋಡಿ ಹೆಡ್‌ಮಿಸ್ ಕನ್ನಡಕ ತೆಗೆದು ಒರೆಸಿದರು. ಮೂರು ಶಾಲೆ, ಮೂರು ಸಲ ಸೇರಿದ್ದು ವರ್ಷದ ಆರಂಭದಲ್ಲಿ, ಮೂರು ಸಲ ಬಿಟ್ಟದ್ದು ಮಧ್ಯದಲ್ಲಿ. "ಹತ್ತು ದಿನ ಕೊಡ್ತೀನಿ," ಅಂದರು.

ಆ ಹತ್ತು ದಿನ ಅಂಟಮ್ಮನ ಮನೆಯಲ್ಲಿ ಕೆಲಸವೂ ಪಾಠವೂ ಒಂದೇ ಮೇಜಿನ ಮೇಲೆ ನಡೆದವು. ಮೊದಲ ದಿನ ಎಪ್ಪತ್ತಮೂರನೇ ಪುಟಕ್ಕೆ ಬಂದು ಹುಡುಗಿಯ ಬೆರಳು ನಿಂತಿತು. ಯಾರೂ ಅವಸರ ಮಾಡಲಿಲ್ಲ. ಅತ್ತೆ ಹಾಳೆ ಮಡಚುತ್ತ ಹೋದಳು, ಅಂಟಮ್ಮ ಹೊಲಿಯುತ್ತ ಹೋದಳು. ಹುಡುಗಿ ಕಣ್ಣು ಮುಚ್ಚಿಕೊಂಡು ಪುಟ ತಿರುಗಿಸಿದಳು. ಕಣ್ಣು ಬಿಟ್ಟು ಮೊದಲು ನೋಡಿದ್ದು ಕಿಟಕಿಯ ಕಡೆಗೆ. ಬೀದಿಯಲ್ಲಿ ಒಬ್ಬ ಬಕೆಟ್ ಮಾರುವವನು ಹೋಗುತ್ತಿದ್ದ, ಅಷ್ಟೇ.

"ತೊಂಬತ್ತಾರು ಹಾಳೆ ಇದೆ. ಎಂಟೆಂಟು ಸೇರಿಸಿ ಹೊಲೀಬೇಕು. ಎಷ್ಟು ಕಟ್ಟಾಗುತ್ತೆ?" ಎಂದು ಅಂಟಮ್ಮ ಒಂದು ದೊಡ್ಡ ಗುಡ್ಡೆ ಅವಳ ಮುಂದಿಟ್ಟಳು. ಹುಡುಗಿ ಎಣಿಸಿ ಎಣಿಸಿ ಜೋಡಿಸಿದಳು. ಹನ್ನೆರಡು. ನೂರು ಹಾಳೆ ಕೊಟ್ಟರೆ ಹನ್ನೆರಡು ಕಟ್ಟಾಗಿ ನಾಲ್ಕು ಮಿಕ್ಕವು.

"ಮಿಕ್ಕಿದ್ದನ್ನ ಏನು ಮಾಡೋದು?"

"ಎಸೀತಾರೇನು? ಅದನ್ನೂ ಬರೀಬೇಕು. ಶೇಷ ಅಂತಾರೆ," ಅಂದಳು ಅಂಟಮ್ಮ.

"ನಿನ್ನ ಅಂಟಮ್ಮ ಲೆಕ್ಕದಲ್ಲಿ ಮೂರು ಸಲ ನಪಾಸು," ಅತ್ತೆ ಸೇರಿಸಿದಳು. "ಅವಳು ಹೇಳಿದ್ದನ್ನ ಒಂದು ಸಲ ಪುಸ್ತಕದಲ್ಲೂ ನೋಡ್ಕೋ."

ಹುಡುಗಿ ಆ ಮನೆಯಲ್ಲಿ ಮೊದಲ ಸಲ ನಕ್ಕದ್ದು ಆವಾಗ. ಆದರೆ ಎಲ್ಲವೂ ಹೀಗೆ ನಗುನಗುತ್ತ ನಡೆಯಿತು ಎಂದರೆ ಸುಳ್ಳಾಗುತ್ತದೆ. ಆರನೇ ದಿನ ದೊಡ್ಡ ಸಂಖ್ಯೆಗಳು ಬಂದು ಹುಡುಗಿ ಪೆನ್ಸಿಲ್ ಮುರಿದಳು, ಅಂಟಮ್ಮ ರೇಗಿದಳು, ಅತ್ತೆ ಇಬ್ಬರನ್ನೂ ಸೇರಿಸಿ ಬೈದಳು. ಕೆಲಸಕ್ಕೆ ಕೊಟ್ಟಿದ್ದ ಬೇರೊಂದು ಕಚೇರಿಯ ರಿಜಿಸ್ಟರುಗಳು ಹೇಳಿದ ದಿನಕ್ಕೆ ತಯಾರಾಗದೆ ಅಲ್ಲಿಂದಲೂ ಬೈಗುಳ ಬಂತು. ಅಂಟಮ್ಮ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು. ಎಂಟನೇ ದಿನ ಹುಡುಗಿ ತಾನಾಗಿಯೇ ಸ್ಲೇಟು ತಂದು, "ಕೊಡಿ ಲೆಕ್ಕ," ಅಂದಳು.

ಎರಡನೇ ಪರೀಕ್ಷೆಯ ಹಾಳೆಯಲ್ಲಿ ಭಾಗಾಕಾರ ಹತ್ತು. ಏಳು ಸರಿ, ಎರಡು ತಪ್ಪು, ಒಂದರಲ್ಲಿ ಶೇಷ ಬರೆಯುವುದು ಮರೆತಿದ್ದಳು. ಖಾಲಿ ಒಂದೂ ಇರಲಿಲ್ಲ. ಹೆಡ್‌ಮಿಸ್ ದಾಖಲಾತಿ ಪುಸ್ತಕ ತೆಗೆದು ನಾಲ್ಕನೇ ತರಗತಿಯ ಪುಟದಲ್ಲಿ ಹೆಸರು ಬರೆದರು. ತಿಂಗಳು ಮುಗಿಯಲು ಇನ್ನೂ ಎರಡು ದಿನವಿತ್ತು. ಅಂಟಮ್ಮ ಹೊರಗೆ ಬಂದು ಸೋರುವ ನಲ್ಲಿಯಲ್ಲಿ ಮುಖ ತೊಳೆದುಕೊಂಡಳು, ಅತ್ತದ್ದು ಯಾರಿಗೂ ಕಾಣದಿರಲಿ ಎಂದು.

ಸೇರಿದ್ದಾಯಿತು ಎಂದರೆ ಮುಗಿಯಿತು ಎಂದಲ್ಲ. ಮೊದಲ ವಾರ ಹುಡುಗಿ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಳು, ಬ್ಯಾಗು ತೊಡೆಯ ಮೇಲೆ. ಎರಡನೇ ವಾರ ಒಬ್ಬ ಹುಡುಗ "ನಿನ್ನ ಅಪ್ಪ ಯಾರು" ಎಂದು ಕೇಳಿದನಂತೆ, ಅವಳು ಅವನ ಟಿಫಿನ್ ಡಬ್ಬಿ ಕಿಟಕಿಯಿಂದಾಚೆ ಎಸೆದಳಂತೆ. ಅಂಟಮ್ಮ ಹೋಗಿ ಕ್ಷಮೆ ಕೇಳಿದಳು, ಡಬ್ಬಿಯ ಡೊಂಕು ಬಡಿದು ಸರಿಮಾಡಿಸಿ ಕೊಟ್ಟಳು, ಆ ಹುಡುಗನಿಗೂ ನಾಲ್ಕು ಮಾತು ಹೇಳಿಯೇ ಬಂದಳು. ಎರಡು ತಿಂಗಳಾದ ಮೇಲೆ ಒಂದು ದಿನ ಹುಡುಗಿ ಬರಿಗೈಯಲ್ಲಿ ಮನೆಗೆ ಓಡಿ ಬಂದಳು. ಆಡುವ ಭರದಲ್ಲಿ ಬ್ಯಾಗು ಶಾಲೆಯಲ್ಲೇ ಮರೆತಿದ್ದಳು. ಬ್ಯಾಗು ಮರೆಯುವಷ್ಟು ಮೈಮರೆತೆಯಾ ಎಂದು ಅಂಟಮ್ಮ ಬೀದಿಗೆಲ್ಲ ಕೇಳುವಂತೆ ಬೈದಳು. ಅಷ್ಟು ಸಂತೋಷದಿಂದ ಅವಳು ಯಾರನ್ನೂ ಯಾವತ್ತೂ ಬೈದಿರಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆಗೆ ನಾಲ್ಕು ದಿನವಿರುವಾಗ, ಸಂಜೆ, ಮನೆಯ ಮುಂದೆ ಕಚೇರಿ ಜೀಪು ಬಂದು ನಿಂತಿತು.

ಹುಡುಗಿ ಮೇಜಿನ ಬಳಿ ಮನೆಗೆಲಸದ ಲೆಕ್ಕ ಮಾಡುತ್ತಿದ್ದಳು. ಪೆನ್ಸಿಲ್ ನಿಂತಿತು. ಅಂಟಮ್ಮ ಸೂಜಿ ಕೆಳಗಿಟ್ಟು ಬಾಗಿಲಿಗೆ ಬಂದಳು. ಮೊದಲೇ ಹೇಳಿ ಬರುವ ಪದ್ಧತಿ ಆ ಕಚೇರಿಗೆ ಇಲ್ಲ.

ಕಚೇರಿ ಮೇಡಂ ಒಳಗೆ ಬಂದು ಕೂತು ಫೈಲು ಬಿಚ್ಚಿದರು. "ಮನೆ ಭೇಟಿಯ ವರದಿ. ಸಹಿ ಹಾಕಿಸ್ಕೊಂಡು ಹೋಗೋಕೆ ಬಂದೆ, ಅಷ್ಟೇ," ಎಂದರು. ದೊಡ್ಡವರಿಗೆ ಹೇಳಿದರು, ಹುಡುಗಿಗೆ ಅದು ಕೇಳಿಸಿದ ಹಾಗಿರಲಿಲ್ಲ. ಊಟ, ಆರೋಗ್ಯ, ಮಲಗುವ ಜಾಗ, ಶಾಲೆಯ ಹಾಜರಿ, ಒಂದೊಂದನ್ನೂ ಕೇಳಿ ಬರೆದುಕೊಂಡರು. ಕೊನೆಯಲ್ಲಿ ಒಂದು ಸಣ್ಣ ಚೌಕವಿತ್ತು: ಮಗುವಿನ ಅಭಿಪ್ರಾಯ. ಮೇಡಂ ತಲೆಯೆತ್ತಿ ಹುಡುಗಿಯನ್ನು ನೋಡಿದರು. ಹುಡುಗಿ ಬಾಯಿ ಬಿಡಲಿಲ್ಲ. ಫೈಲಿನಲ್ಲಿದ್ದ ಹಳೆಯ ಮೂರು ಮನೆಗಳ ವರದಿಗಳಲ್ಲೂ ಆ ಚೌಕದಲ್ಲಿ ಒಂದೇ ಸಾಲು ಇತ್ತು: ಮಗು ಏನೂ ಹೇಳಲಿಲ್ಲ. ಮೇಡಂ ರೂಢಿಯಂತೆ 'ಮಗು ಏನೂ' ಎಂದು ಬರೆಯತೊಡಗಿದರು.

"ಬರೀಬೇಡಿ," ಅಂದಳು ಹುಡುಗಿ. "ನಾನಿನ್ನೂ ಹೇಳಿಲ್ಲ."

ಎದ್ದು ನಿಂತಳು.

"ನಂಗೆ ನಾಳೆ ಶಾಲೆ ಇದೆ. ನಾಡಿದ್ದೂ ಇದೆ. ಸೋಮವಾರದಿಂದ ಪರೀಕ್ಷೆ. ಪರೀಕ್ಷೆ ಮುಗಿದ ಮೇಲೂ ಪಾಠ ಇದೆ, ಪುಸ್ತಕದಲ್ಲಿ ಇನ್ನೂ ಅರ್ಧ ಬಾಕಿ ಇದೆ. ಅದಕ್ಕೇ ಈಗ ನಾನು ಎಲ್ಲಿಗೂ ಬರೋಕಾಗಲ್ಲ. ಮುಂದಿನ ವರ್ಷ ಐದನೇ ತರಗತಿ ಇರುತ್ತೆ. ಆಗ್ಲೂ ಆಗಲ್ಲ."

ಅತ್ತೆ ಹಾಳೆ ಮಡಚುವುದನ್ನು ನಿಲ್ಲಿಸಿದಳು. ಅಂಟಮ್ಮ ಸೆರಗಿನಲ್ಲಿ ಮುಖ ಒತ್ತಿಕೊಂಡಳು. ಮೇಡಂ ಪೆನ್ನು ಹಿಡಿದೇ ಕೂತಿದ್ದರು.

"ಇಷ್ಟನ್ನೂ ಹೀಗೇ ಬರೀಲಾ?"

"ಬರೀರಿ," ಅಂದಳು ಹುಡುಗಿ.

ಮೇಡಂ ಎರಡು ಪದಗಳನ್ನು ಹೊಡೆದುಹಾಕಿ, ಪಕ್ಕದಲ್ಲಿ ಬರೆಯತೊಡಗಿದರು. ಚೌಕದಲ್ಲಿ ಜಾಗ ಸಾಲಲಿಲ್ಲ. ಹಾಳೆ ತಿರುಗಿಸಿ ಹಿಂಬದಿಯಲ್ಲಿ ಮುಂದುವರಿಸಿದರು.